ನೀರು ಹೊರಗೆ ಹೋಗಲಿ, ಸೊಪ್ಪು ಒಳಗೆ ಬರಲಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಬನವಾಸಿ ರಸ್ತೆ, ಯಲ್ಲಾಪುರ ರಸ್ತೆ, ಕುಮಟಾ ರಸ್ತೆ, ಹೀಗೆ ಶಿರಸಿಯಿಂದ ಯಾವ ದಿಕ್ಕಿಗೆ ಹೊರಟರೂ ಪೇಟೆ ಮುಗಿದು ತೋಟ ಶುರುವಾಗುವಲ್ಲಿ ಹತ್ತು ಹದಿನೈದು ಗುಂಟೆಯ ಹಿತ್ತಲುಗಳು ಸಿಗುತ್ತವೆ. ಒಂದು ಮನೆ, ಒಂದು ಬಾವಿ, ಎರಡು ದನ, ಬಸಳೆ ಚಪ್ಪರ, ನಾಲ್ಕಾರು ಬಾಳೆ, ಐವತ್ತು ಅಡಕೆ ಮರ. ಬೆಳೆದ ಮೊಗೆಕಾಯಿಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ನೇತುಹಾಕಿದರೆ ತಿಂಗಳುಗಟ್ಟಲೆ ಹುಳಿಗೆ ತರಕಾರಿಯ ಚಿಂತೆಯಿಲ್ಲ. ಈ ಸುಖ ಸಣ್ಣದಲ್ಲ. ಪೇಟೆಯ ನೌಕರಿಯವರೂ ಇಂಥ ಜಾಗ ಹುಡುಕುವುದು ಇದಕ್ಕೇ. ಆದರೆ ಬೇಲಿಯೊಳಗೆ ಎಷ್ಟು ದುಡಿದರೂ, ಮಳೆನೀರು ಹೊರಗೆ ಹೋಗಲು ಮತ್ತು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುವ ಮರದ ಸೊಪ್ಪು ಒಳಗೆ ಬರಲು ದಾರಿ ಇಲ್ಲದಿದ್ದರೆ ಹಿತ್ತಲು ಉಳಿಯದು. ಎರಡೂ ದಾರಿ ಈಗ ಮುಚ್ಚುತ್ತಿವೆ.

ನೀರಿನದು ದೊಡ್ಡ ತಲೆನೋವು. ಅಡಕೆ ಸಾಲುಗಳ ನಡುವೆ ನೀರು ಬಸಿಯಲು ತೆಗೆಯುವ ಕಾಲುವೆ, ಅಂದರೆ ಕಾದಿಗೆ, ಗಿಡ ನೆಟ್ಟ ಗುಂಡಿಯ ತಳಕ್ಕಿಂತ ಅರ್ಧ ಅಡಿಯಾದರೂ ಕೆಳಗಿರಬೇಕು. ಅದರ ನೀರು ಕೆಳಗಿನ ಹಳ್ಳ ಸೇರಬೇಕು. ಮೇಲಿನ ಬೇಣ, ಅಂದರೆ ಹುಲ್ಲುಗಾವಲು, ಬಡಾವಣೆಯಾದಾಗ ಹಳೇ ಕಾಲುವೆ ಮುಚ್ಚಿ ಒಂದಡಿ ಅಗಲದ ಸಿಮೆಂಟ್ ಪೈಪು ಹುಗಿಯುತ್ತಾರೆ. ಲೆಕ್ಕ ನೋಡಿ: ಒಂದು ದಿನ 100 ಮಿ.ಮೀ. ಮಳೆ ಬಿದ್ದರೆ ಎಕರೆಗೆ ನಾಲ್ಕು ಲಕ್ಷ ಲೀಟರ್ ನೀರು. ಹುಲ್ಲಿರುವ ಬೇಣ ಅದರಲ್ಲೊಂದು ಪಾಲು ಇಂಗಿಸಿ ಉಳಿದದ್ದನ್ನು ನಿಧಾನವಾಗಿ ಬಿಡುತ್ತದೆ. ತಾರಸಿ, ಕಾಂಕ್ರೀಟ್ ರಸ್ತೆಗಳಿಗೆ ಆ ತಾಳ್ಮೆ ಇಲ್ಲ. ಪೈಪಿನ ಬಾಯಿಗೆ ಒಂದು ಖಾಲಿ ಸಿಮೆಂಟ್ ಚೀಲ ಸಿಕ್ಕಿಕೊಂಡರೂ ಸಾಕು, ನೀರೆಲ್ಲ ಹಿತ್ತಲಿಗೆ ತಿರುಗುತ್ತದೆ. ವಾರಗಟ್ಟಲೆ ನೀರು ನಿಂತರೆ ಬೇರಿಗೆ ಗಾಳಿಯಾಡದೆ ಕೊಳೆಯುತ್ತದೆ, ಸೋಗೆ ಹಳದಿಯಾಗುತ್ತದೆ. ಅದನ್ನೂ ಕೊಳೆರೋಗವೆಂದೇ ತಿಳಿದು ಬೋರ್ಡೋ ದ್ರಾವಣ ಹೊಡೆಯುವವರಿದ್ದಾರೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ದಂಡ. ಅದು ಕಾಯಿಕೊಳೆಗೆ ಮದ್ದು, ನಿಂತ ನೀರಿಗಲ್ಲ.

ನಮ್ಮ ಬೇಡಿಕೆ ಇಷ್ಟು. ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವ ಮೊದಲು ಹಳೇ ಕಾಲುವೆಗಳನ್ನು ಅದರಲ್ಲಿ ಗುರುತಿಸಲಿ. ಅವು ತೆರೆದೇ ಇರಲಿ, ಪಕ್ಕಕ್ಕೆ ಚಿರೆಕಲ್ಲು ಕಟ್ಟಲಿ. ರಸ್ತೆ ದಾಟುವಲ್ಲಿ ಎತ್ತಿ ತೆಗೆಯಬಹುದಾದ ಚಪ್ಪಡಿ ಇದ್ದರೆ ಕಸ ಕಟ್ಟಿದಾಗ ಗುದ್ದಲಿ ಹಿಡಿದು ನಾವೇ ಬಿಡಿಸಿಕೊಳ್ಳಬಹುದು. ಹುಗಿದ ಪೈಪನ್ನು ಬಿಡಿಸುವುದು ಯಾರಿಂದಲೂ ಆಗದ ಕೆಲಸ.

ಇನ್ನು ಸೊಪ್ಪು. ಹಳೇ ತೋಟಿಗರಿಗೆ ಸೊಪ್ಪು ಕಡಿಯಲು ಬಿಟ್ಟುಕೊಟ್ಟ ಕಾಡು, ಅಂದರೆ ಸೊಪ್ಪಿನ ಬೆಟ್ಟವಿದೆ, ಹತ್ತು ಗುಂಟೆ ಕೊಂಡವರಿಗೆ ಇಲ್ಲ. ಮಳೆಗಾಲಕ್ಕೆ ಮುಂಚೆ ಕರೆಂಟಿನ ತಂತಿಗೆ ತಾಗುವ ಟೊಂಗೆ ಕಡಿದು ರಸ್ತೆಬದಿಗೆ ಎಸೆಯುತ್ತಾರಲ್ಲ, ಅದರಲ್ಲಿ ಮತ್ತಿ, ನೇರಲು, ಹೊನ್ನೆ ಎಲ್ಲ ಇರುತ್ತವೆ. ಕೊಟ್ಟಿಗೆಗೆ ಹಾಸಲು ಅದಕ್ಕಿಂತ ಬೇಕೇ? ಎರಡು ದಿನ ಬಿಟ್ಟರೆ ಎಲೆ ಒಣಗಿ ಉದುರುತ್ತದೆ. ಯಾವ ದಿನ, ಯಾವ ರಸ್ತೆ ಎಂದು ಮುಂಚಿತವಾಗಿ ತಿಳಿಸಿದರೆ ಸಾಕು, ಒಯ್ಯುವ ಖರ್ಚು ನಮ್ಮದು. ಅಕೇಶಿಯಾ ಮಾತ್ರ ಬೇಡ. ತೊಗಲಿನಂಥ ಆ ಎಲೆ ಬೇಗ ಕೊಳೆಯದು. ಪೇಟೆಯ ಹಸಿ ಕಸದ ಗೊಬ್ಬರ ಬಳಸಿ ಎನ್ನುವವರಿದ್ದಾರೆ. ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆಗಳು ಅದರಲ್ಲಿ ಇಲ್ಲದ ದಿನ ಖಂಡಿತ ಬಳಸುತ್ತೇವೆ.

ಗೋಬರ್ ಗ್ಯಾಸಿನ ಬಗ್ಗೆಯೂ ಒಂದು ಮಾತು. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ನಮ್ಮ ಗಿಡ್ಡ ತಳಿಯ ದನ ಮಲೆನಾಡು ಗಿಡ್ಡ ದಿನಕ್ಕೆ ನಾಲ್ಕೈದು ಕಿಲೋ ಹಾಕಿದರೆ ಹೆಚ್ಚು. ಅಂಥ ಎರಡು ದನದ ಮನೆಯಲ್ಲಿ 1 ಘನ ಮೀಟರಿನದಕ್ಕೂ ಸಗಣಿ ಸಾಲದು. ಸಾಲದೆಂದು ಸೊಪ್ಪಿನ ಸಮೇತ ಬಾಚಿ ಹಾಕಿದರೆ ನಾರು ಮೇಲೆ ತೇಲಿ ಗಟ್ಟಿ ಕೆನೆ ಕಟ್ಟುತ್ತದೆ, ಗ್ಯಾಸು ಅದರಡಿಯೇ ಉಳಿಯುತ್ತದೆ. ಸಹಾಯಧನ ಮಂಜೂರು ಮಾಡುವವರು ದನ ಎಣಿಸುವ ಬದಲು ಒಂದು ವಾರದ ಸಗಣಿ ತೂಗಿ ನೋಡಲಿ.

ಕಾಲುವೆ ನೋಡಲು ಅಧಿಕಾರಿಗಳನ್ನು ಮಾರ್ಚಿನಲ್ಲಿ ಕಳಿಸಬೇಡಿ, ಆಗ ಅಲ್ಲಿ ಬರೀ ಹುಲ್ಲು ಕಾಣುತ್ತದೆ. ಜುಲೈಯಲ್ಲಿ, ಮಳೆ ಹೊಯ್ಯುವಾಗಲೇ ಬರಲಿ. ಕಾಲಿಗೆ ಹತ್ತುವ ಉಂಬಳಕ್ಕೆ (ಜಿಗಣೆಗೆ) ಸುಣ್ಣ ನಾವೇ ಇಟ್ಟಿರುತ್ತೇವೆ.

ಇತಿ,
ಶಿರಸಿ ಅಂಚಿನ ಹಿತ್ತಲು ಬೇಸಾಯದವರು