ಹೊಸ ರಿಜಿಸ್ಟ್ರಿ: ಹಾರ್ಬರ್ ಅಲ್ಲ, ಝಾಟ್

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ ಮೊದಲ ಸೋಮವಾರದಿಂದ ನಮ್ಮ ಸಾಫ್ಟ್‌ವೇರ್‌ನ ಕಂಟೇನರ್ ಇಮೇಜ್‌ಗಳು (ಓಡಲು ಬೇಕಾದ ಎಲ್ಲವನ್ನೂ ಕಟ್ಟಿಟ್ಟ ಪೊಟ್ಟಣಗಳು) ಹೊಸ ವಿಳಾಸದಿಂದ, ಝಾಟ್ ಎಂಬ ಹೊಸ ರಿಜಿಸ್ಟ್ರಿಯಿಂದ ಬರುತ್ತವೆ. ರಿಜಿಸ್ಟ್ರಿ ಎಂದರೆ ಇಮೇಜ್‌ಗಳನ್ನು ಇಟ್ಟು ಹಂಚುವ ಉಗ್ರಾಣ. ಹಳೆಯ ರಿಜಿಸ್ಟ್ರಿ ಇನ್ನು ಮೂರು ತಿಂಗಳು ಇರುತ್ತದೆ, ಆಮೇಲೆ ಮುಚ್ಚುತ್ತೇವೆ. ನಿಮ್ಮಲ್ಲಿ ಸರ್ವರ್ ನೋಡಿಕೊಳ್ಳುವವರು ಕಂಟೇನರ್ ಓಡಿಸುವ ಡಾಕರ್‌ನ ಕಂಪೋಸ್ ಫೈಲಿನಲ್ಲಿ ವಿಳಾಸ ಬದಲಿಸಿ, ಒಮ್ಮೆ ಡಾಕರ್ ಲಾಗಿನ್ ಮಾಡಿದರೆ ಮುಗಿಯಿತು. ಪಾಸ್‌ವರ್ಡ್ ಹಳೆಯದೇ. ಬಿಲ್ಲಿನಲ್ಲಿ ಒಂದು ಪೈಸೆಯೂ ಏರುವುದಿಲ್ಲ. ಅವಸರದಲ್ಲಿರುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಬದಲಾವಣೆಗೆ ಕಾರಣ ನಮ್ಮದೇ ತಪ್ಪು. ಇಷ್ಟು ವರ್ಷ ಬಳಸಿದ್ದು ಡಾಕರ್‌ನವರು ಬರೆದ ಡಿಸ್ಟ್ರಿಬ್ಯೂಷನ್, ಅಂದರೆ ಎಲ್ಲರೂ ‘ರಿಜಿಸ್ಟ್ರಿ 2’ ಎಂದು ಕರೆಯುವುದು. 2021ರಲ್ಲಿ ಅದು ಓಪನ್ ಸೋರ್ಸ್ ಯೋಜನೆಗಳನ್ನು ಪೋಷಿಸುವ ಸಿಎನ್‌ಸಿಎಫ್ ಸಂಸ್ಥೆ ಸೇರಿತು. ಚಿಕ್ಕದು, ಗಟ್ಟಿ. ಆದರೆ ಅದರಲ್ಲಿ ಹಳೆಯ ಇಮೇಜ್ ಅಳಿಸಿದರೆ ಡಿಸ್ಕಿನಲ್ಲಿ ಜಾಗ ಖಾಲಿಯಾಗುವುದಿಲ್ಲ. ಅಳಿಯುವುದು ಮ್ಯಾನಿಫೆಸ್ಟ್ (ಇಮೇಜಿನಲ್ಲಿ ಏನೇನಿದೆ ಎಂಬ ಪಟ್ಟಿ) ಮಾತ್ರ, ಲೇಯರ್‌ಗಳು (ಇಮೇಜಿನ ನಿಜವಾದ ಸರಕಿನ ಪದರಗಳು) ಹಾಗೇ ಬಿದ್ದಿರುತ್ತವೆ. ಕಸ ಗುಡಿಸಲು ಬೇರೆ ಕಮಾಂಡ್ ಓಡಿಸಬೇಕು. ಆ ಹೊತ್ತಿನಲ್ಲಿ ಯಾರೂ ಪುಶ್ ಮಾಡಬಾರದು (ಹೊಸ ಇಮೇಜ್ ಏರಿಸಬಾರದು), ರಿಜಿಸ್ಟ್ರಿಯನ್ನು ರೀಡ್‌ಓನ್ಲಿ ಮಾಡಿಡಬೇಕು ಎಂದು ಕೈಪಿಡಿಯಲ್ಲೇ ಬರೆದಿದೆ. ಕಳೆದ ಮಳೆಗಾಲದ ಒಂದು ಶನಿವಾರ ಸಂಜೆ ಡಿಸ್ಕ್ ತುಂಬಿ, ಒಬ್ಬರು ಗುಡಿಸಲು ಶುರು ಮಾಡಿದರು. ಅದೇ ಹೊತ್ತಿಗೆ ಇನ್ನೊಬ್ಬರು ಹೊಸ ಆವೃತ್ತಿ ಪುಶ್ ಮಾಡಿದರು. ಈಗಷ್ಟೇ ಬಂದ ಲೇಯರ್‌ಗಳನ್ನು ಯಾವ ಮ್ಯಾನಿಫೆಸ್ಟೂ ಇನ್ನೂ ತನ್ನದೆಂದು ಹೇಳಿರಲಿಲ್ಲ. ಕಸದ ಜೊತೆ ಅವೂ ಹೋದವು. ಸೋಮವಾರ ಬೆಳಿಗ್ಗೆ ನಿಮ್ಮಲ್ಲಿ ಕೆಲವರು ಕಂಡ ‘ಬ್ಲಾಬ್ ಅನ್‌ನೋನ್’ ಎಂಬ ಎರರ್ ಇದರದೇ ಫಲ. ಬ್ಲಾಬ್ ಎಂದರೆ ಲೇಯರ್‌ನಂಥ ಫೈಲು. ಟ್ಯಾಗ್ (ಇಮೇಜಿನ ಆವೃತ್ತಿಯ ಹೆಸರು) ಕಾಣುತ್ತಿತ್ತು, ಒಳಗೆ ಸರಕಿರಲಿಲ್ಲ. ಅಂದು ಫೋನಿನಲ್ಲಿ ಬೈದವರ ಮೇಲೆ ನಮಗೆ ಬೇಸರವಿಲ್ಲ.

ಮೊದಲು ನೋಡಿದ್ದು ಹಾರ್ಬರ್. ವಿಎಂವೇರ್‌ನಲ್ಲಿ ಹುಟ್ಟಿ 2016ರಲ್ಲಿ ಓಪನ್ ಸೋರ್ಸ್ ಆದದ್ದು, 2020ರಲ್ಲಿ ಸಿಎನ್‌ಸಿಎಫ್‌ನ ಗ್ರಾಜುಯೇಟ್ (ಪಕ್ವವೆಂದು ಒಪ್ಪಿದ್ದು) ಆದ ಯೋಜನೆ. 2.1 ಆವೃತ್ತಿಯಿಂದ ಅದು ಪುಶ್ ನಿಲ್ಲಿಸದೆಯೇ ಕಸ ಗುಡಿಸುತ್ತದೆ. ಪ್ರಾಜೆಕ್ಟ್‌ವಾರು ಅನುಮತಿ, ಕೋಟಾ, ಸ್ಕ್ರಿಪ್ಟ್‌ಗಳಿಗೆ ರೋಬಾಟ್ ಖಾತೆ, ಇನ್ನೊಂದು ರಿಜಿಸ್ಟ್ರಿಗೆ ನಕಲು, ಭದ್ರತಾ ದೋಷ ಹುಡುಕುವ ಟ್ರಿವಿ ಸ್ಕ್ಯಾನ್, ಎಲ್ಲ ಇದೆ. ಇಪ್ಪತ್ತು ತಂಡಗಳಿರುವ ಕಂಪನಿ ನಮ್ಮನ್ನು ಕೇಳಿದರೆ ಕಣ್ಣು ಮುಚ್ಚಿ ಹಾರ್ಬರ್ ಎನ್ನುತ್ತೇವೆ. ನಮ್ಮದು ಇಪ್ಪತ್ತು ತಂಡಗಳ ಮನೆಯಲ್ಲ. ಹಾರ್ಬರ್ ಎಂದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ರೆಡಿಸ್, ಜಾಬ್ ಸರ್ವಿಸ್, ಪೋರ್ಟಲ್ ಎಂದು ಹಲವು ಕಂಟೇನರ್‌ಗಳ ಸಂಸಾರ; ಕನಿಷ್ಠ 2 ಸಿಪಿಯು, 4 ಜಿಬಿ ರ್‍ಯಾಮ್ ಬೇಕು, 8 ಜಿಬಿ ಇದ್ದರೆ ಒಳ್ಳೆಯದು. ನಮ್ಮ ಬಾಡಿಗೆ ಸರ್ವರ್‌ನಲ್ಲಿರುವುದೇ 4. ಬ್ಯಾಕಪ್ ತೆಗೆದರೆ ಡೇಟಾಬೇಸ್ ಮತ್ತು ಸ್ಟೋರೇಜ್ ಎರಡೂ ಒಂದಕ್ಕೊಂದು ತಾಳೆಯಾಗಬೇಕು. ರೆಡ್ ಹ್ಯಾಟ್‌ನವರ ಕ್ವೇ ರಿಜಿಸ್ಟ್ರಿ ಕೂಡ ಇದೇ ಗಾತ್ರದ್ದು. ಡ್ರಾಗನ್‌ಫ್ಲೈ, ಕ್ರಾಕನ್ ಇವು ಸಾವಿರಾರು ಯಂತ್ರಗಳು ಒಂದರಿಂದೊಂದು ಇಮೇಜ್ ಹಂಚಿಕೊಳ್ಳಲು ಮಾಡಿದವು. ನಮಗೆ ಅದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ.

ಉಳಿದದ್ದು ಝಾಟ್. ಸಿಸ್ಕೋದಲ್ಲಿ ಶುರುವಾಗಿ 2022ರ ಕೊನೆಗೆ ಸಿಎನ್‌ಸಿಎಫ್‌ನ ಮೊದಲ ಮೆಟ್ಟಿಲಾದ ಸ್ಯಾಂಡ್‌ಬಾಕ್ಸ್‌ಗೆ ಬಂತು. ವಯಸ್ಸು ಚಿಕ್ಕದು ಎಂಬ ಅಳುಕು ನಮಗೂ ಇತ್ತು. ಮನಸ್ಸು ಗೆದ್ದದ್ದು ಅದರ ಫೋಲ್ಡರ್. ಗೋ ಭಾಷೆಯ ಒಂದೇ ಬೈನರಿ, ಹೊರಗಿನ ಡೇಟಾಬೇಸ್ ಬೇಡ. ಒಂದು ರೆಪೊಸಿಟರಿಗೆ (ಒಂದೇ ಇಮೇಜಿನ ಆವೃತ್ತಿಗಳ ಗುಂಪು) ಒಂದು ಫೋಲ್ಡರ್. ತೆರೆದರೆ ಒಂದು ಇಂಡೆಕ್ಸ್ ಫೈಲು, ಪಕ್ಕದಲ್ಲಿ ಡೈಜೆಸ್ಟ್‌ಗಳನ್ನೇ (ಒಳಗಿನ ಸರಕಿನಿಂದ ಲೆಕ್ಕ ಹಾಕಿದ ಗುರುತು) ಹೆಸರಾಗಿಟ್ಟುಕೊಂಡ ಬ್ಲಾಬ್‌ಗಳು. ಕಂಟೇನರ್‌ಗಳ ಮುಕ್ತ ಮಾನದಂಡವಾದ ಓಸಿಐ ಹೇಳುವ ಲೇಔಟ್ ಅದೇ. ನಾಳೆ ಝಾಟ್ ಯೋಜನೆಯೇ ನಿಂತುಹೋದರೂ ಆ ಫೋಲ್ಡರನ್ನು ಇಮೇಜ್ ನಕಲು ಮಾಡುವ ಸ್ಕೋಪಿಯೋ ಎಂಬ ಸಾಧನ ಓದಬಲ್ಲದು. ಎರಡು ರೆಪೊಸಿಟರಿಗಳಲ್ಲಿ ಒಂದೇ ಲೇಯರ್ ಇದ್ದರೆ ಹಾರ್ಡ್‌ಲಿಂಕ್ ಮಾಡಿ (ಒಂದೇ ಫೈಲಿಗೆ ಎರಡು ಹೆಸರು ಕೊಟ್ಟು) ಜಾಗ ಉಳಿಸುತ್ತದೆ. ಕಸವನ್ನು ಓಡುತ್ತಿರುವಾಗಲೇ ಗುಡಿಸುತ್ತದೆ, ಹೊಸದಾಗಿ ಬಂದ ಲೇಯರ್‌ಗಳನ್ನು ಒಂದಷ್ಟು ಹೊತ್ತು ಮುಟ್ಟುವುದಿಲ್ಲ. ಆ ಶನಿವಾರ ನಮಗೆ ಬೇಕಿದ್ದದ್ದು ಅದೊಂದೇ.

ಇಮೇಜ್‌ಗಳಷ್ಟೇ ಅಲ್ಲ, ರಿಪೋರ್ಟ್ ಟೆಂಪ್ಲೇಟ್‌ಗಳೂ ಇನ್ನು ಓರಾಸ್ (ಇಮೇಜಲ್ಲದ ಫೈಲುಗಳನ್ನೂ ರಿಜಿಸ್ಟ್ರಿಯಲ್ಲಿ ಇಡುವ, ತರುವ ಸಾಧನ) ಮೂಲಕ ಇಲ್ಲಿಂದಲೇ ಬರುತ್ತವೆ. ಇಮೇಲ್‌ನಲ್ಲಿ ಜಿಪ್ ಕಳಿಸುವ ಪದ್ಧತಿ ನಿಲ್ಲಿಸುತ್ತಿದ್ದೇವೆ. 2024ರಲ್ಲಿ ಬಂದ ಓಸಿಐ 1.1ರಂತೆ ಸಹಿ ಮತ್ತು ಎಸ್‌ಬಾಮ್ (ಒಳಗಿರುವ ಸಾಫ್ಟ್‌ವೇರ್ ಭಾಗಗಳ ಪಟ್ಟಿ) ಎರಡನ್ನೂ ಇಮೇಜಿಗೆ ನೇರವಾಗಿ ಅಂಟಿಸಿಡಬಹುದು. ರಿಜಿಸ್ಟ್ರಿ 2ರಲ್ಲಿ ಈ ಅನುಕೂಲವಿಲ್ಲದೆ ಉದ್ದುದ್ದ ಟ್ಯಾಗ್‌ಗಳ ರಾಶಿ ಬಿದ್ದಿತ್ತು.

ಟ್ಯಾಗ್ ಬದಲು ಡೈಜೆಸ್ಟ್ ಬರೆದಿಟ್ಟುಕೊಂಡವರು ಗಮನಿಸಿ. ನಮ್ಮ ಹಳೆಯ ಇಮೇಜ್‌ಗಳು ಡಾಕರ್ ಮಾದರಿಯವು. ಓಸಿಐ ಮಾದರಿಗೆ ತಿರುಗಿಸಿದರೆ ಮ್ಯಾನಿಫೆಸ್ಟ್ ಬದಲಾಗಿ ಡೈಜೆಸ್ಟ್ ಕೂಡ ಬದಲಾಗುತ್ತದೆ. ಹಾಗಾಗಬಾರದೆಂದು ಝಾಟ್‌ನಲ್ಲಿ ಡಾಕರ್ ಮಾದರಿಯನ್ನೂ ಒಪ್ಪುವ ಸೆಟ್ಟಿಂಗ್ ಹಾಕಿ, ಎಲ್ಲವನ್ನೂ ಇದ್ದ ಹಾಗೇ ನಕಲು ಮಾಡಿದ್ದೇವೆ. ನಿಮ್ಮ ಡೈಜೆಸ್ಟ್‌ಗಳು ಅವೇ ಇರುತ್ತವೆ. ಪಾಸ್‌ವರ್ಡ್ ಕೂಡ ಹೀಗೇ ಉಳಿಯಿತು: ಎರಡೂ ರಿಜಿಸ್ಟ್ರಿಗಳು ಓದುವುದು ಒಂದೇ ಬಗೆಯ htpasswd ಎಂಬ ಪಾಸ್‌ವರ್ಡ್ ಫೈಲು.

ನೆಟ್ ಆಗಾಗ ಕೈಕೊಡುವ ಶಾಖೆಗಳಿಗೆ ಇನ್ನೊಂದು ಮಾತು. ನಿಮ್ಮಲ್ಲೇ ಒಂದು ಪುಟ್ಟ ಝಾಟ್ ಇಟ್ಟುಕೊಳ್ಳಬಹುದು. ಅದು ನಮ್ಮದರಿಂದ ಆಗಾಗ ಇಮೇಜ್ ತಂದಿಟ್ಟುಕೊಳ್ಳುತ್ತದೆ, ಉಳಿದ ಯಂತ್ರಗಳು ಅದರಿಂದ ತೆಗೆದುಕೊಳ್ಳುತ್ತವೆ. ಎಆರ್‌ಎಂ ಬೋರ್ಡಿನ ಮೇಲೂ ಓಡುತ್ತದೆ. ಬೇಕಾದವರು ತಿಳಿಸಿ, ಕಾನ್ಫಿಗ್ ಫೈಲು ನಾವೇ ಬರೆದುಕೊಡುತ್ತೇವೆ.

ಹೊಸ ವಿಳಾಸ ಬೇರೆ ಮೇಲ್‌ನಲ್ಲಿ ಬರುತ್ತದೆ. ಆ ಸೋಮವಾರ ಬೆಳಿಗ್ಗೆ 7ರಿಂದ ಇಬ್ಬರು ಫೋನಿನ ಪಕ್ಕದಲ್ಲೇ ಕೂತಿರುತ್ತೇವೆ. ಶನಿವಾರ ಸಂಜೆ ಯಾರೂ ಏನನ್ನೂ ಪುಶ್ ಮಾಡುವುದಿಲ್ಲ.

ಇಂತಿ,
ನಿಮ್ಮ ಸಾಫ್ಟ್‌ವೇರ್ ತಂಡ