ಎಣ್ಣೆಯ ಕಲೆಯಿಲ್ಲದ ಲಾಗ್ ಪುಸ್ತಕ

ಲಂಡನ್
ನವೆಂಬರ್ 9

ತೀರ್ಥರೂಪ ಅಪ್ಪನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಈಗ ಕಡಿಮೆ ಎಂದು ತಮ್ಮ ತಿಳಿಸಿದ್ದಾನೆ. ಕಡಿಮೆಯಾಯಿತೆಂದು ಎಣ್ಣೆ ಹಚ್ಚುವುದನ್ನು ಬಿಡದಂತೆ ನೋಡಿಕೊಳ್ಳಿ.

ಕಳೆದ ಭಾನುವಾರ ಫೋನಿನಲ್ಲಿ ನೀವು ಕೇಳಿದ ಪ್ರಶ್ನೆ ವಾರವಿಡೀ ನನ್ನನ್ನು ಕೊರೆಯುತ್ತಿತ್ತು. "ವಿಮೆಯವರ ವಕೀಲಳೆಂದರೆ, ಹಡಗು ಕಳೆದುಕೊಂಡವನಿಗೆ ದುಡ್ಡು ಕೊಡದಿರಲು ನೆಪ ಹುಡುಕುವವಳಲ್ಲವೇ?" ಎಂದಿರಿ. ಇಪ್ಪತ್ತಾರು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿ ಫಿಟ್ಟರ್ ಆಗಿ ದುಡಿದವರು ಕೇಳಿದ ಮಾತು ಅದು. ಎರಡು ವಾಕ್ಯದಲ್ಲಿ ತೇಲಿಸಿಬಿಡಲು ಮನಸ್ಸಾಗಲಿಲ್ಲ. ಅದಕ್ಕೇ ಈ ಕಾಗದ.

ಲಂಡನ್ನಿನ ಮೇಜಿನ ಮುಂದೆ ಕುಳಿತ ವಿಮೆಗಾರನಿಗೆ ಕಡಲೂ ಕಾಣುವುದಿಲ್ಲ, ಹಡಗೂ ಕಾಣುವುದಿಲ್ಲ. ಮಾಲೀಕ ಹೇಳಿದ್ದನ್ನು ನಂಬಿ ಅವನು ಕೋಟಿಗಟ್ಟಲೆ ಹಣದ ಹೊಣೆ ಹೊರುತ್ತಾನೆ. ತನಗೊಬ್ಬನಿಗೇ ಗೊತ್ತಿರುವ ಸಂಗತಿಯನ್ನು ವಿಮೆ ಮಾಡಿಸುವವನು ಮುಚ್ಚಿಡಬಾರದು ಎಂಬ ತತ್ತ್ವವನ್ನು 1766ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಎಂಬ ನ್ಯಾಯಾಧೀಶರು ಸುಮಾತ್ರಾದ ಒಂದು ಕೋಟೆಯ ವಿಮೆಯ ವ್ಯಾಜ್ಯದಲ್ಲಿ ಗಟ್ಟಿಯಾಗಿ ಹೇಳಿದರು. ಆ ವ್ಯಾಜ್ಯದಲ್ಲಿ ಗೆದ್ದವನು ವಿಮೆ ಮಾಡಿಸಿದವನೇ ಎಂಬುದು ಎಷ್ಟೋ ಜನರಿಗೆ ನೆನಪಿರುವುದಿಲ್ಲ. ಆ ತತ್ತ್ವ 1906ರ ಇಂಗ್ಲಿಷ್ ಕಾಯಿದೆಗೆ ಬಂತು, ಅಲ್ಲಿಂದ ನಮ್ಮ ದೇಶದ 1963ರ ಕಡಲ ವಿಮೆ ಕಾಯಿದೆಗೂ ಬಂತು.

ಹಾಗಾದರೆ ನಷ್ಟವಾದ ಮೇಲೆ ಸುಳ್ಳು ಹೇಳಿದರೆ? ನಿಮಗೆ ಚೆನ್ನಾಗಿ ಅರ್ಥವಾಗುವ ಒಂದು ಪ್ರಕರಣ ಹೇಳುತ್ತೇನೆ. 2010ರ ಜನವರಿಯಲ್ಲಿ ಡಿಸಿ ಮೆರ್ವೆಸ್ಟೋನ್ ಎಂಬ ಹಡಗು ಲಿಥುವೇನಿಯಾದ ಕ್ಲೈಪೆಡಾದಿಂದ ಗುಜರಿ ಉಕ್ಕು ತುಂಬಿಕೊಂಡು ಸ್ಪೇನಿನ ಬಿಲ್ಬಾವೊಗೆ ಹೊರಟಿತು. ಹೊರಡುವ ಮುನ್ನ ಸರಕಿನ ಕೋಣೆಯ ಮುಚ್ಚಳವಾದ ಹ್ಯಾಚಿನ ಮೇಲಿನ ಮಂಜುಗಡ್ಡೆ ತೆಗೆಯಲು ಸಿಬ್ಬಂದಿ ತುರ್ತು ಫೈರ್ ಪಂಪಿನಿಂದ ನೀರು ಹಾರಿಸಿದ್ದರು. ಆಮೇಲೆ ಪಂಪಿನ ನೀರು ಬಸಿಯಲಿಲ್ಲ, ಸಮುದ್ರದ ಕಡೆಯ ವಾಲ್ವನ್ನೂ ಮುಚ್ಚಲಿಲ್ಲ. ಒಳಗುಳಿದ ನೀರು ಹೆಪ್ಪುಗಟ್ಟಿ ಪಂಪನ್ನು ಸೀಳಿತು. ಕಡಲಿಗೆ ಬಂದ ಮೇಲೆ ಗಡ್ಡೆ ಕರಗಿ, ಆ ಸೀಳಿನಿಂದ ನೀರು ನುಗ್ಗಿತು. ಕೇಬಲ್ ಹಾಯುವ ತೂತುಗಳನ್ನು ಸರಿಯಾಗಿ ಮುಚ್ಚಿರದ ಕಾರಣ ಅದು ಎಂಜಿನ್ ಕೋಣೆಯನ್ನೂ ಸೇರಿತು. ಎಂಜಿನ್ ದುರಸ್ತಿಗೂ ಮೀರಿ ಕೆಟ್ಟಿತು. ಮಾಲೀಕರು ಕೇಳಿದ ಪರಿಹಾರ ಸುಮಾರು 32 ಲಕ್ಷ ಯೂರೊ.

ವಿಮೆಯವರು ವಿವರ ಕೇಳಿದಾಗ ಮಾಲೀಕರ ಕಡೆಯ ವ್ಯವಸ್ಥಾಪಕ ಒಂದು ಮಾತು ಸೇರಿಸಿದ. ಹಡಗಿನ ತಳದಲ್ಲಿ ನೀರು ಸೇರಿದರೆ ಎಚ್ಚರಿಸುವ ಬಿಲ್ಜ್ ಅಲಾರಂ ಮಧ್ಯಾಹ್ನವೇ ಹೊಡೆದಿತ್ತು, ಹಡಗಿನ ಹೊಯ್ದಾಟಕ್ಕೆ ಹೊಡೆಯಿತೆಂದು ಸಿಬ್ಬಂದಿ ಸುಮ್ಮನಾದರು ಎಂದು. ಅದು ನಿಜವಾಗಿರಲಿಲ್ಲ. ಹಣ ಬೇಗ ಬರಲೆಂದು ಹೇಳಿದ ಸುಳ್ಳು, ಅಷ್ಟೆ. ಆ ಸುಳ್ಳಿಲ್ಲದೆಯೂ ಪರಿಹಾರ ನ್ಯಾಯವಾಗಿ ಸಿಗಲೇಬೇಕಿತ್ತು. ಆದರೂ ಮೊದಲ ನ್ಯಾಯಾಲಯ, ಮೇಲ್ಮನವಿ ನ್ಯಾಯಾಲಯ ಎರಡೂ ಇಡೀ ಹಣವನ್ನು ನಿರಾಕರಿಸಿದವು. 2016ರ ಜುಲೈನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ನಾಲ್ಕು–ಒಂದರ ಬಹುಮತದಿಂದ ಅದನ್ನು ತಿರುಗಿಸಿತು. ಪರಿಹಾರದ ಹಕ್ಕು ನಿಜವಾಗಿದ್ದರೆ ಪಕ್ಕದಲ್ಲಿ ಹೇಳಿದ ಸುಳ್ಳು ಅದನ್ನು ಕೊಲ್ಲಲಾರದು ಎಂದಿತು. ಈ ತೀರ್ಪಿನಿಂದ ಸೋತದ್ದು ವಿಮೆಯವರು. ಅವರ ಪರ ವಾದಿಸುವ ನಾನು ಇದು ನ್ಯಾಯವಾದ ತೀರ್ಪು ಎಂದೇ ನಂಬುತ್ತೇನೆ.

ಸುಳ್ಳೇ ಹಕ್ಕಿನ ಬುಡವಾಗಿರುವ ಪ್ರಕರಣಗಳೂ ಇವೆ ಅಪ್ಪ. 2011ರ ಜುಲೈನಲ್ಲಿ ಯೆಮನ್‌ನ ಏಡನ್ ಹತ್ತಿರ ಬ್ರಿಲ್ಯಾಂಟೆ ವಿರ್ಚುವೋಸೊ ಎಂಬ ತೈಲ ಹಡಗಿಗೆ ಕಡಲ್ಗಳ್ಳರು ಬೆಂಕಿಯಿಟ್ಟರು ಎಂದು ಸುದ್ದಿಯಾಯಿತು. ಅದನ್ನು ಪರಿಶೀಲಿಸಲು ಹೋದ ಸರ್ವೇಯರ್ ಡೇವಿಡ್ ಮಾಕೆಟ್ ಅದೇ ತಿಂಗಳು 20ರಂದು ಏಡನ್‌ನಲ್ಲಿ ಕಾರ್ ಬಾಂಬಿಗೆ ಬಲಿಯಾದರು. ವರ್ಷಗಟ್ಟಲೆ ನಡೆದ ವ್ಯಾಜ್ಯದ ನಂತರ, 2019ರ ಅಕ್ಟೋಬರಿನಲ್ಲಿ, ಹಡಗಿಗೆ ಬಂದವರು ಕಡಲ್ಗಳ್ಳರೇ ಅಲ್ಲ, ಎಲ್ಲವೂ ಮಾಲೀಕನ ಸಂಚು ಎಂದು ಲಂಡನ್ನಿನ ನ್ಯಾಯಾಲಯ ತೀರ್ಮಾನಿಸಿತು. ಆ ತೀರ್ಪನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಡಗು ಹತ್ತಿ ಸುಟ್ಟ ತಗಡನ್ನು ಮುಟ್ಟಿ ನೋಡಿ ಸತ್ಯ ಹೇಳಲು ಹೊರಟ ಒಬ್ಬ ಮನುಷ್ಯ ಮನೆಗೆ ಮರಳಲಿಲ್ಲ. ಇಂಥ ಹಕ್ಕನ್ನು ತಡೆಯುವುದನ್ನು ನೆಪ ಹುಡುಕುವುದು ಎನ್ನಬೇಡಿ.

ಈ ಎರಡು ಬಗೆಯ ಸುಳ್ಳುಗಳನ್ನು ಬೇರೆ ಮಾಡುವುದೇ ನನ್ನ ಕೆಲಸ. ಅದನ್ನು ನನಗೆ ಮೊದಲು ಕಲಿಸಿದವರು ನೀವು. ಸೌತಾಂಪ್ಟನ್ನಿನ ಪ್ರಾಧ್ಯಾಪಕರು ಕಲಿಸಿದ್ದು ಆಮೇಲೆ.

ಕೋರ್ಟಿನಲ್ಲಿ ವಾದಿಸುವ ಬ್ಯಾರಿಸ್ಟರ್ ಆಗುವ ಮೊದಲು ನಾನು ಪ್ರಕರಣ ಸಿದ್ಧಪಡಿಸುವ ಸಾಲಿಸಿಟರ್ ಆಗಿದ್ದಾಗ ಸಾಕ್ಷಿಗಳ ಹೇಳಿಕೆ ಪಡೆಯಲು ಹಡಗು ಹತ್ತುತ್ತಿದ್ದೆ ಎಂದು ಹೇಳಿದ್ದೆನಲ್ಲ. ರಾಟರ್‌ಡ್ಯಾಮಿನಲ್ಲಿ ಒಂದು ಹಡಗು ನಿಂತಿತ್ತು. ಅದರ ಹೆಸರು ಬರೆಯುವಂತಿಲ್ಲ. ಮುಖ್ಯ ಎಂಜಿನ್ನಿನ ಬೇರಿಂಗ್ ಸುಟ್ಟುಹೋಗಿತ್ತು. ಸಿಬ್ಬಂದಿಯ ಒಂದು ರಾತ್ರಿಯ ಅಜಾಗರೂಕತೆಯಿಂದ ಆಗಿದ್ದರೆ ವಿಮೆ ಕೊಡಬೇಕು. ಎಂಜಿನ್ ಕೆಡುತ್ತಿದೆಯೆಂದು ತಿಂಗಳುಗಳ ಹಿಂದೆಯೇ ಗೊತ್ತಿದ್ದೂ ಮಾಲೀಕರು ಓಡಿಸಿದ್ದರೆ ಕೊಡಬೇಕಿಲ್ಲ. ಎಂಜಿನ್ ಕೋಣೆಯ ದಿನದಿನದ ದಾಖಲೆಯಾದ ಲಾಗ್ ಪುಸ್ತಕವನ್ನು ನನ್ನ ಮುಂದಿಟ್ಟರು. ಅಚ್ಚುಕಟ್ಟಾದ ಅಕ್ಷರ, ಎರಡು ವಾರಕ್ಕೂ ಒಂದೇ ಶಾಯಿ. ಒಂದು ಪುಟದಲ್ಲೂ ಎಣ್ಣೆಯ ಬೆರಳ ಗುರುತಿಲ್ಲ.

ನೀವು ರಜೆಗೆ ಬಂದಾಗಲೆಲ್ಲ ತರುತ್ತಿದ್ದ ನೋಟ್‌ಬುಕ್ಕುಗಳು ಆ ಕ್ಷಣ ಕಣ್ಣಮುಂದೆ ಬಂದವು. ಅದರ ಪುಟಗಳು ಎಣ್ಣೆ ಕುಡಿದು ಹಪ್ಪಳದಂತಿರುತ್ತಿದ್ದವು. ಎಂಜಿನ್ ಕೋಣೆಯಲ್ಲಿ ಬರೆದ ಪುಸ್ತಕ ಹೀಗೆ ಬೆಳ್ಳಗಿರಲು ಸಾಧ್ಯವಿಲ್ಲ ಎಂದು ಆಗಲೇ ಗೊತ್ತಾಯಿತು.

ಅದು ನಕಲೆಂದು ಚೀಫ್ ಎಂಜಿನಿಯರ್ ಒಪ್ಪಲಿಲ್ಲ. ರತ್ನಗಿರಿ ಕಡೆಯ ಒಬ್ಬ ಹಿರಿಯ ಫಿಟ್ಟರ್ ಇದ್ದರು, ನಿಮ್ಮದೇ ವಯಸ್ಸು. ನಮ್ಮ ತಂದೆಯೂ ಫಿಟ್ಟರ್ ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ತಮ್ಮ ಕ್ಯಾಬಿನ್ನಿನಿಂದ ಒಂದು ಕಚ್ಚಾ ಪುಸ್ತಕ ತಂದುಕೊಟ್ಟರು. ಬೇರಿಂಗಿನ ತಾಪಮಾನ ಅದರಲ್ಲಿ ಗಂಟೆಗಂಟೆಗೂ ದಾಖಲಾಗಿತ್ತು. ಹನ್ನೆರಡು ದಿನ ಒಂದೇ ಸಮನಾಗಿದ್ದದ್ದು ಹದಿಮೂರನೆಯ ರಾತ್ರಿಯ ಒಂದೇ ಪಾಳಿಯಲ್ಲಿ ಏರಿತ್ತು. ಆ ಪಾಳಿಯಲ್ಲಿ ಯಾರೋ ಫಿಲ್ಟರ್ ಬದಲಾಯಿಸುವುದನ್ನು ಮರೆತಿದ್ದರು. ಕೆಲಸ ಹೋದೀತೆಂಬ ಹೆದರಿಕೆಗೆ ಲಾಗನ್ನು ಹೊಸದಾಗಿ ನಕಲು ಮಾಡಿದ್ದರು. ಮಾಲೀಕರು ಏನನ್ನೂ ಮುಚ್ಚಿಟ್ಟಿರಲಿಲ್ಲ.

ಮಾಲೀಕರಿಗೆ ಹಣ ಕೊಡಿ ಎಂದು ವಿಮೆಯವರಿಗೆ ಬರೆದೆ. ಲಾಗ್ ತಿದ್ದಿದ್ದನ್ನೇ ಹಿಡಿದು ಹೋರಾಡೋಣ ಎಂದರು. ಮೆರ್ವೆಸ್ಟೋನ್ ತೀರ್ಪನ್ನು ಎದುರಿಗಿಟ್ಟೆ. ಕೊಟ್ಟರು.

ಆ ಫಿಟ್ಟರಿಗೆ ಮುಂದಿನ ಕಾಂಟ್ರಾಕ್ಟ್ ಸಿಕ್ಕಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಈಗ ಪಾಟೀಸವಾಲಿಗೆ ಎದ್ದು ನಿಂತಾಗ, ಎದುರಿನ ಸಾಕ್ಷಿ ಎಂಜಿನ್ ಕೋಣೆಯವರಾಗಿದ್ದರೆ, ಮೊದಲ ಪ್ರಶ್ನೆಗೆ ಮುನ್ನ ಅವರ ಕೈ ನೋಡುತ್ತೇನೆ. ದನಿ ಏರಿಸುವುದಿಲ್ಲ. ಹಿಂದಿನ ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದ್ದಿರಿ ಎಂದು ಕೇಳುತ್ತೇನೆ; ಎಷ್ಟೋ ಅಪಘಾತಗಳ ಕಾರಣ ಆ ಉತ್ತರದಲ್ಲಿ ಇರುತ್ತದೆ.

ಇನ್ನೊಂದು ಮಾತು. 2022ರ ಜೂನಿನಲ್ಲಿ ಉಳ್ಳಾಲದ ಎದುರು ಪ್ರಿನ್ಸೆಸ್ ಮಿರಾಲ್ ಮುಳುಗಿದಾಗ, ಕೋಸ್ಟ್ ಗಾರ್ಡಿನವರು ದಡ ಸೇರಿಸಿದ ಹದಿನೈದು ಮಂದಿ ಸಿರಿಯಾದ ಹುಡುಗರ ಸಂಬಳ ಯಾರು ಕೊಡುತ್ತಾರೆ ಎಂದು ನೀವು ಕೇಳಿದ್ದಿರಿ. ಅಂದು ಅವಸರದಲ್ಲಿ ಅರ್ಧ ಹೇಳಿದ್ದೆ. ನಾವಿಕರ ಸಂಬಳದ ಹಕ್ಕು ಹಡಗಿಗೇ ಅಂಟಿಕೊಂಡಿರುತ್ತದೆ, ಮಾಲೀಕ ಬದಲಾದರೂ ಬಿಡುವುದಿಲ್ಲ. ಹಡಗೇ ಪ್ರತಿವಾದಿ, ಅದನ್ನು ಬಂದರಿನಲ್ಲೇ ಹಿಡಿದು ನಿಲ್ಲಿಸಬಹುದು. ಕಡಲ ವ್ಯಾಜ್ಯಗಳಿಗೆಂದೇ ಇರುವ ನಮ್ಮ 2017ರ ಅಡ್ಮಿರಾಲ್ಟಿ ಕಾಯಿದೆ ಕಡಲ ಹಕ್ಕುಗಳ ಸಾಲಿನಲ್ಲಿ ಸಂಬಳವನ್ನೇ ಮೊದಲಿಗಿಟ್ಟಿದೆ. ಪಣಂಬೂರಿಗೆ ಬಂದ ಹಡಗಿನ ಮೇಲೆ ಈಗ ಕರ್ನಾಟಕ ಹೈಕೋರ್ಟಿನಲ್ಲೇ ದಾವೆ ಹೂಡಬಹುದು. ಹಡಗು ತಳ ಕಂಡ ಮೇಲೆ ಮಾತ್ರ ದಾರಿ ಕಷ್ಟದ್ದು. ಮಾಲೀಕನನ್ನು, ಅವನ ಹೊಣೆ ಹೊತ್ತ ವಿಮೆಯವರನ್ನು ಹುಡುಕಿಕೊಂಡು ಹೋಗಬೇಕು. ನಿಮ್ಮ ಜೊತೆಯವರ ಮಕ್ಕಳು ಯಾರಾದರೂ ಸಂಬಳ ಸಿಗದೆ ಪರದಾಡುತ್ತಿದ್ದರೆ, ಹಡಗು ಬಂದರು ಬಿಡುವ ಮುನ್ನ ವಕೀಲರನ್ನು ಕಾಣಲು ಹೇಳಿ.

ಡಿಸೆಂಬರ್ 20ಕ್ಕೆ ಊರಿಗೆ ಬರುತ್ತೇನೆ. ಮನೆಗೆ ಬಣ್ಣ ಹೊಡೆಸಲು ಅಟ್ಟ ಖಾಲಿ ಮಾಡುತ್ತೀರಂತೆ. ತಗಡಿನ ಟ್ರಂಕಿನಲ್ಲಿರುವ ನಿಮ್ಮ ನೋಟ್‌ಬುಕ್ಕುಗಳನ್ನು ಅಮ್ಮ ರದ್ದಿಗೆ ಕೊಡದಿರಲಿ. ನಾನು ಬಂದ ಮೇಲೆ ಜಗಲಿಯಲ್ಲಿ ಕುಳಿತು ಒಂದೊಂದೇ ಪುಟ ತಿರುವೋಣ. ಯಾವ ಕಲೆ ಯಾವ ಎಣ್ಣೆಯದು, ಯಾವ ರಾತ್ರಿ ಏನಾಯಿತು ಎಂದು ನೀವು ಹೇಳಿ. ನಾನು ಬರೆದುಕೊಳ್ಳುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು