‘ಗ್ರೇಟ್ ಈಸ್ಟರ್ನ್’ ಬಿಳಿಯಾನೆಯಲ್ಲ

ಮಾನ್ಯ ಸಂಪಾದಕರೆ,

ಹಳೆಯ ಉಗಿಹಡಗುಗಳ ಮಾತು ಬಂದಾಗಲೆಲ್ಲ ಇಂಗ್ಲಿಷ್ ಎಂಜಿನಿಯರ್ ಬ್ರೂನೆಲ್ ಕಟ್ಟಿಸಿದ ‘ಗ್ರೇಟ್ ಈಸ್ಟರ್ನ್’ಗೆ ಬಿಳಿಯಾನೆ ಎಂಬ ಪಟ್ಟ ತಪ್ಪಿದ್ದಲ್ಲ. ಇದು ಅನ್ಯಾಯ. ಆ ಹಡಗನ್ನು ಕೆಡಿಸಿದ್ದು ಅದನ್ನು ಓಡಿಸಿದ ದಾರಿ.

ಅದು ಹುಟ್ಟಿದ್ದು ಭಾರತ, ಆಸ್ಟ್ರೇಲಿಯಾಗಳ ಯಾನಕ್ಕೆ. ಆಗ ಸೂಯೆಜ್ ಕಾಲುವೆ ಇರಲಿಲ್ಲ. ಆಫ್ರಿಕಾ ಬಳಸಿ ಬರುವ ಉಗಿಹಡಗು ದಾರಿಯುದ್ದಕ್ಕೂ ಕಲ್ಲಿದ್ದಲು ತುಂಬಿಸಿಕೊಳ್ಳಬೇಕಿತ್ತು. ಆ ತಾಪತ್ರಯ ತಪ್ಪಿಸಲೆಂದೇ 211 ಮೀಟರ್ ಉದ್ದ, 10,000 ಟನ್ನಿಗೂ ಮೀರಿದ ಕಲ್ಲಿದ್ದಲು, 4,000 ಪ್ರಯಾಣಿಕರಿಗೆ ಜಾಗ. 1858ರಲ್ಲಿ ಥೇಮ್ಸ್ ನದಿಗೆ ಇಳಿಯುವಷ್ಟರಲ್ಲಿ ಕಂಪನಿಯ ಹಣ ಕರಗಿತ್ತು. ಹೊಸ ಮಾಲೀಕರು ನ್ಯೂಯಾರ್ಕ್ ದಾರಿಗೆ ಬಿಟ್ಟರು. 1860ರ ಮೊದಲ ಯಾನದಲ್ಲಿ ಟಿಕೆಟ್ ಕೊಂಡವರು 40 ಮಂದಿಯೂ ಇರಲಿಲ್ಲ. ಹತ್ತು-ಹನ್ನೊಂದು ದಿನದ ಪಯಣಕ್ಕೆ ಅಷ್ಟು ದೊಡ್ಡ ಕಲ್ಲಿದ್ದಲು ಕೋಣೆ ಬರೀ ಹೊರೆ.

1859ರ ಸ್ಫೋಟವನ್ನೂ ಗಾತ್ರದ ತಲೆಗೆ ಕಟ್ಟುವವರಿದ್ದಾರೆ. ಮುಂದಿನ ಎರಡು ಹೊಗೆಕೊಳವೆಗಳಿಗೆ ನೀರಿನ ಕವಚ ತೊಡಿಸಿದ್ದರು: ಬಾಯ್ಲರಿಗೆ ಹೋಗುವ ನೀರು ಮೊದಲೇ ಬಿಸಿಯಾಗಬೇಕು, ಪಕ್ಕದ ಸಲೂನಿಗೆ (ಪ್ರಯಾಣಿಕರು ಕೂರುವ ಹಜಾರಕ್ಕೆ) ಸೆಕೆ ತಟ್ಟಬಾರದು. ಒತ್ತಡ ಏರದಂತೆ ಕವಚದಿಂದ ಮೇಲಕ್ಕೆ ತೆರೆದ ಪೈಪಿತ್ತು. ಅದಕ್ಕೆ ಪರೀಕ್ಷೆಗೆಂದು ಹಾಕಿದ್ದ ನಲ್ಲಿಯನ್ನು ಮುಚ್ಚಿ ಹಾಗೇ ಬಿಟ್ಟಿದ್ದರು. ಉಗಿಗೆ ದಾರಿಯಿಲ್ಲದೆ ಕವಚ ಸಿಡಿಯಿತು, ಹೊಗೆಕೊಳವೆ ಕಿತ್ತು ಹಾರಿತು, ಕೆಳಗೆ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವರಲ್ಲಿ ಕನಿಷ್ಠ ಐವರು ಬೆಂದು ಸತ್ತರು. ಎರಡನೆಯ ಕವಚದ ನಲ್ಲಿಯೂ ಮುಚ್ಚಿಯೇ ಇತ್ತು. ಅದನ್ನು ಸಮಯಕ್ಕೆ ತೆರೆದದ್ದರಿಂದ ಇನ್ನೊಂದು ದುರಂತ ತಪ್ಪಿತು. ಹಡಗಿನ ಒಡಲಿಗೆ ಮಾತ್ರ ಏನೂ ಆಗಲಿಲ್ಲ.

ಒಡಲು ಎಂಥದ್ದೆಂದು 1862ರಲ್ಲಿ ಗೊತ್ತಾಯಿತು. ನ್ಯೂಯಾರ್ಕ್ ಸಮೀಪ ಬಂಡೆ ತಾಗಿ ತಳದಲ್ಲಿ 83 ಅಡಿ ಉದ್ದ, 9 ಅಡಿ ಅಗಲ ಸೀಳಿತು. ಒಳಗೊಂದು, ಹೊರಗೊಂದು, ನಡುವೆ 86 ಸೆಂ.ಮೀ. ಸಂದು ಬಿಟ್ಟು ಎರಡು ಕಬ್ಬಿಣದ ಹೊದಿಕೆ ಇದ್ದದ್ದರಿಂದ ಹಡಗು ತನ್ನ ಬಲದಲ್ಲೇ ಬಂದರು ಸೇರಿತು. ಅದು ಹಿಡಿಸುವ ಡ್ರೈಡಾಕ್ (ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಕಟ್ಟೆ) ಅಲ್ಲಿರಲಿಲ್ಲ. ತಳಕ್ಕೆ ಪೆಟ್ಟಿಗೆಯಂಥ ಚೌಕಟ್ಟು ಬಿಗಿದು, ನೀರು ಖಾಲಿ ಮಾಡಿ, ಒಳಗೆ ನಿಂತು ತಗಡು ಹೊಡೆದರು.

ಕೊನೆಗೆ ಕೈಹಿಡಿದದ್ದು ಸಮುದ್ರದ ತಳದಲ್ಲಿ ಹಾಸುವ ಟೆಲಿಗ್ರಾಫ್ ಕೇಬಲ್. ಅಟ್ಲಾಂಟಿಕ್‌ಗೆ ಬೇಕಾದಷ್ಟು ಕೇಬಲನ್ನು ಒಂದೇ ಸಲ ಹೊರಬಲ್ಲ ಹಡಗು ಬೇರೆ ಇರಲಿಲ್ಲ. ತಂತಿಯ ಗಟಾಪರ್ಚಾ (ರಬ್ಬರಿನಂಥ ಮರದ ಅಂಟು) ಹೊದಿಕೆ ಬಿಸಿಗೆ ಮೆತ್ತಗಾಗುವುದರಿಂದ ಕೇಬಲನ್ನು ನೀರು ತುಂಬಿದ ತೊಟ್ಟಿಗಳಲ್ಲಿ ಸುತ್ತಿಡಬೇಕಿತ್ತು. ಇಳಿಸುವಾಗಲೂ ಹೊದಿಕೆ ಕೆಟ್ಟಿಲ್ಲವೆ ಎಂದು ವಿದ್ಯುತ್ ಹರಿಸಿ ನೋಡುತ್ತಲೇ ಇರಬೇಕು. 1865ರಲ್ಲಿ ಕೇಬಲ್ ಕೆಡಲು ಹೊದಿಕೆಗೆ ಚುಚ್ಚಿಕೊಂಡ ಒಂದು ಚೂರು ತಂತಿ ಸಾಕಾಯಿತು, ಇಳಿಸಿದ್ದನ್ನು ಮತ್ತೆ ಮೇಲೆಳೆಯಬೇಕಾಯಿತು. ಆ ಸಲದ ಕೇಬಲ್ ನಡುಗಡಲಲ್ಲಿ ತುಂಡಾಯಿತು. 1866ರಲ್ಲಿ ಹೊಸದನ್ನು ದಡ ಮುಟ್ಟಿಸಿ, ಹಳೆಯದನ್ನೂ ತಳದಿಂದ ಎತ್ತಿ ಜೋಡಿಸಿದರು.

1870ರಲ್ಲಿ ಅದು ನಮ್ಮ ಅರಬ್ಬೀ ಸಮುದ್ರಕ್ಕೇ ಬಂತು. ಹೊಸ ಸೂಯೆಜ್ ಕಾಲುವೆಯ ಆಳ-ಅಗಲ ಸಾಲದೆ ಆಫ್ರಿಕಾ ಬಳಸಿ, ಬಿಸಿಲಿನ ಕಾವಿಗೆ ಬಿಳಿ ಬಣ್ಣ ಬಳಿದುಕೊಂಡು ಬಂದು, ಮಳೆಗಾಲಕ್ಕೆ ಮುಂಚೆ ಫೆಬ್ರುವರಿಯಲ್ಲಿ ಮುಂಬಯಿಯಿಂದ ಏಡನ್ ಕಡೆಗೆ ಕೇಬಲ್ ಹಾಸಿತು.

ಪಿಲಿಕುಳದ ವಿಜ್ಞಾನ ಕೇಂದ್ರದಲ್ಲಿ ಇದರ ಮಾದರಿಯೊಂದನ್ನು ಇಡಬೇಕೆಂದು ಕೋರುತ್ತೇನೆ. 1:100 ಅಳತೆಗೆ ಉದ್ದ ಸುಮಾರು 2.1 ಮೀಟರ್ ಆಗುತ್ತದೆ. ಆ ಅಳತೆಯಲ್ಲಿ ಹೊದಿಕೆಗಳ ನಡುವಿನ ಸಂದು ಒಂದು ಸೆಂ.ಮೀ. ಕೂಡ ಬಾರದು, ಆದ್ದರಿಂದ ತಳದ ಒಂದು ಭಾಗವನ್ನೂ ನಲ್ಲಿಯ ಸಮೇತ ಹೊಗೆಕೊಳವೆಯ ಕವಚವನ್ನೂ ಬೇರೆಯಾಗಿ 1:10ರಲ್ಲಿ ಮಾಡಿಸಿದರೆ ಮಕ್ಕಳಿಗೆ ಕಾಣುತ್ತದೆ.

– ನಿವೃತ್ತ ಹಡಗು ಎಂಜಿನಿಯರ್, ಪಣಂಬೂರು, ಮಂಗಳೂರು